‘ಬ್ಲ್ಯಾಕ್ ಸ್ಪಾಟ್’ಗೆ ಕನ್ನಡದಲ್ಲಿ ಏನನ್ನೋಣ? ‘ಕಪ್ಪು ಚುಕ್ಕೆ’ ಹಾಕಿ ಬೈಸಿಕೊಂಡಾಯಿತು

ಎಲ್ಲರಿಗೂ ನಮಸ್ಕಾರ.

ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಉಂಟು. ಮದುವೆ ಕಾಗದ, ಕೋಲದ ಆಮಂತ್ರಣ, ಬ್ಯಾನರು, ಪಂಚಾಯತಿಗೆ ಕೊಡುವ ಅರ್ಜಿ, ಎಲ್ಲ ಮಾಡುತ್ತೇನೆ. ಕಾಸರಗೋಡಿನಲ್ಲಿ ಈ ಕೆಲಸ ಮಾಡುವವನು ಅರ್ಧ ಅನುವಾದಕನೂ ಆಗಿರಬೇಕು. ಮಲಯಾಳದಲ್ಲಿ ಬರೆದದ್ದನ್ನು ತಂದು ಮೇಜಿನ ಮೇಲಿಟ್ಟು “ಕನ್ನಡದಲ್ಲೂ ಹಾಕಿ, ಅರ್ಧ ಗಂಟೆಯಲ್ಲಿ ಬರುತ್ತೇವೆ” ಅಂತ ಹೋಗುತ್ತಾರೆ.

ಕಳೆದ ತಿಂಗಳು ಊರಿನ ನಾಲ್ಕು ಜನ ಹಾಗೇ ಒಂದು ಅರ್ಜಿ ತಂದರು. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ, ನನ್ನ ಅಂಗಡಿಯಿಂದ ಸ್ವಲ್ಪ ಆಚೆ ಒಂದು ತಿರುಗಾಸು, ಅಂದರೆ ರಸ್ತೆಯ ತಿರುವು, ಉಂಟು. ಅದನ್ನು ಬ್ಲ್ಯಾಕ್ ಸ್ಪಾಟ್, ಅಂದರೆ ಪದೇ ಪದೇ ಅಪಘಾತ ಆಗುವ ಜಾಗ, ಅಂತ ಗುರುತಿಸಿ ಸರಿ ಮಾಡಿಸಬೇಕು ಅನ್ನುವುದು ಬೇಡಿಕೆ. ನಾನು ಹೆಚ್ಚು ಯೋಚಿಸದೆ ‘ಕಪ್ಪು ಚುಕ್ಕೆ’ ಅಂತ ಹಾಕಿದೆ. ಅರ್ಜಿಯ ಜೊತೆಗೆ ಒಂದು ಬ್ಯಾನರೂ ಆಯಿತು: ‘ನಮ್ಮ ಊರಿನ ಕಪ್ಪು ಚುಕ್ಕೆ ನಿವಾರಿಸಿ’.

ಮರುದಿನ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ತಿರುಗಾಸಿನ ಹೋಟೆಲಿನ ಭಟ್ರು ನಿಂತಿದ್ದರು. “ಏನು ಮಾರಾಯ್ರೇ, ಬ್ಯಾನರ್ ನನ್ನ ಹೋಟೆಲಿನ ತಲೆ ಮೇಲೇ ಕಟ್ಟಿದ್ದಾರೆ. ಮೇಲೆ ಊರಿನ ಕಪ್ಪು ಚುಕ್ಕೆ, ಕೆಳಗೆ ನನ್ನ ಬೋರ್ಡು. ಓದುವವರು ಏನು ತಿಳಿಯಬೇಕು?”

ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕನ್ನಡದಲ್ಲಿ ಕಪ್ಪು ಚುಕ್ಕೆ ಅಂದರೆ ಹೆಸರಿಗೆ ಬಂದ ಕಳಂಕ. ‘ಅವರ ಮೇಲೆ ಒಂದು ಕಪ್ಪು ಚುಕ್ಕೆಯೂ ಇಲ್ಲ’ ಅಂತೇವೆ, ಅಲ್ವಾ? ರಸ್ತೆಯ ಮಾತಿಗೆ ಅದು ಹೊಂದುವುದಿಲ್ಲ. ಹಾಗಂತ ಬ್ಲ್ಯಾಕ್ ಸ್ಪಾಟ್ ಅಂತಲೇ ಇಡೋಣ ಅಂದರೆ ಬೆಂಗಳೂರಿನಲ್ಲಿರುವ ನನ್ನ ಭಾವನಿಗೆ ಆ ಪದ ಕೇಳಿದ ಕೂಡಲೇ ನೆನಪಾಗುವುದು ರಸ್ತೆ ಬದಿ ಕಸ ಸುರಿಯುವ ಮೂಲೆ. ಅಲ್ಲಿ ಅದಕ್ಕೂ ಇದೇ ಹೆಸರು.

ಪದ ಹುಡುಕುವ ಮೊದಲು ಅದು ಏನು ಅಂತ ನೋಡೋಣ. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ರಾಷ್ಟ್ರೀಯ ಹೆದ್ದಾರಿಗೆ ಇಟ್ಟ ಲೆಕ್ಕ ಹೀಗಿದೆ: ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ, ಹಿಂದಿನ 3 ವರ್ಷಗಳಲ್ಲಿ, ಸಾವು ಅಥವಾ ತೀವ್ರ ಗಾಯ ಆದ 5 ಅಪಘಾತ ಆಗಿರಬೇಕು. ಇಲ್ಲವೇ ಒಟ್ಟು 10 ಸಾವು ಆಗಿರಬೇಕು. ನಮ್ಮದು ರಾಷ್ಟ್ರೀಯ ಹೆದ್ದಾರಿ ಅಲ್ಲ. ಆದರೂ ಅರ್ಜಿ ಬರೆದವರು ಇದೇ ಲೆಕ್ಕ ಹಿಡಿದಿದ್ದಾರೆ.

ಇದರಲ್ಲಿ ‘ತೀವ್ರ ಗಾಯ’ ಅನ್ನುವುದು ಕಾನೂನಿನ ಮಾತು. ಮೂಳೆ ಮುರಿದರೆ, ಹಲ್ಲು ಮುರಿದರೂ, ಅದು ತೀವ್ರ ಗಾಯವೇ. ಮೊದಲು 20 ದಿನ ನಿತ್ಯದ ಕೆಲಸ ಮಾಡಲಾಗದಿದ್ದರೆ ಅನ್ನುವ ಅಳತೆಯೂ ಇತ್ತು. 2024ರ ಜುಲೈಯಿಂದ ನಡೆಯುತ್ತಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 15 ದಿನ. ಹಾಗಾಗಿ ಅನುವಾದದಲ್ಲಿ ‘ದೊಡ್ಡ ಪೆಟ್ಟು’ ಅಂತ ಬರೆದರೆ ಕಚೇರಿಯಲ್ಲಿ ನಡೆಯುವುದಿಲ್ಲ. ಈ ಒಂದು ಕಡೆ ನಾನು ಪುಸ್ತಕದ ಪದವನ್ನೇ ಇಟ್ಟೆ.

3 ವರ್ಷ ಯಾಕೆ ಅನ್ನುವುದನ್ನೂ ಹೇಳಬೇಕು. ಚೌಕಾಬಾರದಲ್ಲಿ ಒಮ್ಮೆ ಎಂಟು ಬಿದ್ದರೆ ಮುಂದಿನ ಸಲ ಅದಕ್ಕಿಂತ ಕಮ್ಮಿ ಬೀಳುವುದೇ ಜಾಸ್ತಿ. ಅದಕ್ಕೆ ಕವಡೆ ಬದಲಿಸಬೇಕಾಗಿಲ್ಲ. ಅಪಘಾತವೂ ಹಾಗೇ. ಒಂದು ವರ್ಷ ಜಾಸ್ತಿ ಆಯಿತು, ಬೋರ್ಡು ಹಾಕಿದರು, ಮರುವರ್ಷ ಕಮ್ಮಿ ಆಯಿತು ಅಂದರೆ ಬೋರ್ಡಿನಿಂದಲೇ ಕಮ್ಮಿ ಆಯಿತು ಅನ್ನುವ ಹಾಗಿಲ್ಲ. ಅದಕ್ಕೇ ಒಂದು ವರ್ಷದ ಲೆಕ್ಕ ಸಾಲದು, 3 ವರ್ಷ ಒಟ್ಟಿಗೆ ನೋಡಬೇಕು. ಇದಕ್ಕೆ ‘ಸರಾಸರಿಗೆ ಮರಳುವುದು’ ಅಂತ ಬರೆದಿದ್ದೇನೆ. ಭಟ್ರಿಗೂ ಅರ್ಥ ಆಯಿತು.

ಈಗ ಪದಗಳು. ಪತ್ರಿಕೆಗಳಲ್ಲಿ ಮತ್ತು ಬೋರ್ಡುಗಳಲ್ಲಿ ಕಂಡದ್ದು ಇವು: ಅಪಘಾತ ವಲಯ, ಅಪಘಾತ ಸ್ಥಳ, ಅಪಘಾತ ತಾಣ. ‘ವಲಯ’ ದೊಡ್ಡದಾಯಿತು. ಅರ್ಧ ಕಿಲೋಮೀಟರಿಗೆ ಯಾರೂ ವಲಯ ಅನ್ನುವುದಿಲ್ಲ. ‘ಅಪಘಾತ ಸ್ಥಳ’ ಅಂದರೆ ನಿನ್ನೆ ಗುದ್ದಿದ ಜಾಗ, ಪೊಲೀಸರು ಬಂದು ಮಹಜರು ಮಾಡುವ ಜಾಗ. ‘ತಾಣ’ ಅಂದಾಗ ನನಗೆ ಬೇಕಲ ಕೋಟೆ ನೆನಪಾಗುತ್ತದೆ. ಪ್ರವಾಸಿ ತಾಣ, ವಿಹಾರ ತಾಣ, ಆಮೇಲೆ ಅಪಘಾತ ತಾಣ!

ಮಲಯಾಳದವರಿಗೆ ಈ ತಲೆಬಿಸಿ ಇಲ್ಲ. ಅವರ ‘ಅಪಕಡಂ’ ಅನ್ನುವ ಒಂದೇ ಪದಕ್ಕೆ ಆಗಿಹೋದ ಅಪಘಾತ, ಆಗಬಹುದಾದ ಅಪಾಯ ಎರಡೂ ಅರ್ಥ ಉಂಟು. ‘ಅಪಕಡ ವಳವ್’ (ವಳವ್ ಅಂದರೆ ತಿರುವು) ಅಂದರೆ ಮುಗಿಯಿತು. ಅದರ ಕೆಳಗೆ ಕನ್ನಡ ಬರೆಯುವವನು ಎರಡರಲ್ಲಿ ಒಂದನ್ನು ಆರಿಸಲೇಬೇಕು. ಅದಕ್ಕೇ ಒಂದು ಕಡೆ ‘ಅಪಘಾತ ವಲಯ’, ಇನ್ನೊಂದು ಕಡೆ ‘ಅಪಾಯಕಾರಿ ತಿರುವು’ ಅಂತ ಬರುತ್ತದೆ. ಸುತ್ತಲಿನ ಭಾಷೆಗಳದ್ದೂ ತಮಾಷೆಯೇ. ತಮಿಳರ ಬೋರ್ಡಿನಲ್ಲಿ ಅಪಘಾತಕ್ಕೆ ‘ವಿಪತ್ತು’. ನಮಗೆ ವಿಪತ್ತು ಅಂದರೆ ನೆರೆ, ಭೂಕಂಪ. ತೆಲುಗರಿಗೆ ‘ಪ್ರಮಾದಂ’. ನಮಗೆ ಪ್ರಮಾದ ಅಂದರೆ ತಪ್ಪು. ಮರಾಠಿಯವರು ಮಾತ್ರ ನಮ್ಮ ಹಾಗೆ ‘ಅಪಘಾತ’ ಅನ್ನುತ್ತಾರೆ. ಅವರ ಬೋರ್ಡಿನಲ್ಲಿ ‘ಅಪಘಾತಪ್ರವಣ ಕ್ಷೇತ್ರ’. ನಮ್ಮಲ್ಲಿ ‘ಕ್ಷೇತ್ರ’ ಅಂತ ಹಾಕಿದರೆ ಜನ ಕಾಣಿಕೆ ಡಬ್ಬಿ ಹುಡುಕಿಯಾರು.

(ಅನುವಾದ ಎಡವಿದ ಇನ್ನೊಂದು ಬೋರ್ಡು ನಮ್ಮ ಕಡೆಯೇ ಇತ್ತು. ಮಲಯಾಳದ ‘ಶ್ರದ್ಧಿಕ್ಕುಕ’ ಅಂದರೆ ಗಮನಿಸಿ. ಅದನ್ನು ಕನ್ನಡದಲ್ಲಿ ‘ಶ್ರದ್ಧೆಯಿಂದ ಚಲಿಸಿರಿ’ ಅಂತ ಮಾಡಿದ್ದರು. ಯಾರೋ ಹುಡುಗರು ಇದ್ದಿಲಿನಲ್ಲಿ ಒಂದು ದೀರ್ಘ ಎಳೆದು ಶ್ರಾದ್ಧ ಮಾಡಿದ್ದರು.)

ನಿಜವಾಗಿ ನಮಗೆ ಎರಡು ಪದ ಬೇಕು ಅಂತ ನನಗೆ ಈಗ ಅನ್ನಿಸುತ್ತಿದೆ. ಒಂದು, ಲೆಕ್ಕ ಹಾಕಿ ಹುಡುಕಿದ ಜಾಗಕ್ಕೆ. ಹಿಂದೆ ಗೋಡೆಯ ನಕ್ಷೆಗೆ ಗುಂಡುಸೂಜಿ ಚುಚ್ಚಿ, ಎಲ್ಲಿ ಸೂಜಿ ಒತ್ತಾಗಿದೆ ಅಂತ ನೋಡುತ್ತಿದ್ದರು. ಈಗ ಪೊಲೀಸರು ಮೊಬೈಲ್ ಆ್ಯಪಿನಲ್ಲಿ ಜಾಗದ ಸಮೇತ ದಾಖಲು ಮಾಡುತ್ತಾರೆ. ಇನ್ನೊಂದು, ಇನ್ನೂ ಯಾರೂ ಸತ್ತಿಲ್ಲ, ಆದರೆ ನೋಡಿದರೇ ಗೊತ್ತಾಗುವ ಜಾಗಕ್ಕೆ. ಅದನ್ನು ಹುಡುಕಲು ರಸ್ತೆ ಸುರಕ್ಷತಾ ಆಡಿಟ್ ಅಂತ ಮಾಡುತ್ತಾರೆ. ನಿಘಂಟು ನೋಡಿ ಅದಕ್ಕೆ ‘ಸುರಕ್ಷತಾ ಲೆಕ್ಕಪರಿಶೋಧನೆ’ ಅಂತ ಬರೆದೆ. ಸೊಸೈಟಿಯ ಕಾರ್ಯದರ್ಶಿ ಓದಿ “ಯಾರು ದುಡ್ಡು ತಿಂದದ್ದು?” ಅಂತ ಕೇಳಿದರು. ‘ಸುರಕ್ಷತಾ ತಪಾಸಣೆ’ ಅಂತ ಬದಲಿಸಿದೆ.

ನಮ್ಮ ತಿರುಗಾಸು ಲೆಕ್ಕಕ್ಕೂ ಸಿಗುತ್ತದೆ, ನೋಡಿದರೂ ಗೊತ್ತಾಗುತ್ತದೆ. ಒಳಬದಿಗೆ ಮುರಕಲ್ಲು ಕಡಿದ ಬರೆ (ಗೋಡೆಯ ಹಾಗೆ ನಿಂತ ದಿಣ್ಣೆ), ಅದರ ಮೇಲೆ ಹಲಸಿನ ಮರ. ಪೆರ್ಲದ ಕಡೆಯಿಂದ ಬರುವವನಿಗೆ ಇಳಿಜಾರು ಬೇರೆ. ಹೋದ ಭಾನುವಾರ ಬೆಳಿಗ್ಗೆ, ಗಾಡಿ ಕಮ್ಮಿ ಇರುವಾಗ, ಅಂಗಡಿಯ ಹುಡುಗನಿಗೆ ಕೆಂಪು ಕೊಡೆ ಕೊಟ್ಟು ಆ ಬದಿಯಲ್ಲಿ ನಿಲ್ಲಿಸಿದೆ. ಮೇಲಿನಿಂದ ನಡೆದು ಬಂದೆ. ಕೊಡೆಯ ಅಂಚು ಕಂಡಲ್ಲಿಂದ ಅವನವರೆಗೆ 34 ಹೆಜ್ಜೆ. ಅಂದರೆ 25 ಮೀಟರಿನ ಆಸುಪಾಸು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ನಿಲ್ಲಬೇಕಾದರೆ ಸುಮಾರು 60 ಮೀಟರ್ ಕಾಣಿಸಬೇಕು ಅನ್ನುವುದು ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇಟ್ಟ ಅಳತೆ. ಕಂಡು, ತಿಳಿದು, ಬ್ರೇಕ್ ತುಳಿಯಲು ಎರಡೂವರೆ ಸೆಕೆಂಡ್ ಹಿಡಿಯುತ್ತಾರೆ. ಅಷ್ಟರಲ್ಲೇ 35 ಮೀಟರ್ ಮುಗಿದಿರುತ್ತದೆ. ನಮ್ಮ ಹುಡುಗ ಬ್ರೇಕಿನ ಮೊದಲೇ ಗಾಡಿಯ ಅಡಿಗೆ!

ಈ ದೂರಕ್ಕೆ ‘ದೃಷ್ಟಿ ಅಂತರ’ ಅಂತ ಒಬ್ಬರು ಸೂಚಿಸಿದರು. ನಮ್ಮಲ್ಲಿ ದೃಷ್ಟಿ ಅಂದರೆ ಮೆಣಸು ನಿವಾಳಿಸುವ ನೆನಪೇ ಮೊದಲು. ‘ನೋಟದ ದೂರ’ ಅಂತ ಇಟ್ಟಿದ್ದೇನೆ. ಮಾಡಬೇಕಾದ ಕೆಲಸಗಳಿಗೆ ಪದದ ಕಷ್ಟ ಇಲ್ಲ: ಬರೆ ಹಿಂದಕ್ಕೆ ಕಡಿಯುವುದು, ಬಾಣದ ಬೋರ್ಡು, ಅಂಚಿಗೆ ಕಬ್ಬಿಣದ ತಡೆ, ತಿರುಗಾಸಿನ ಹೊರಬದಿ ಎತ್ತರಿಸುವುದು. ಹಂಪ್ ಅನ್ನು ಹಂಪ್ ಅಂತಲೇ ಬಿಟ್ಟೆ. ‘ರಸ್ತೆ ಉಬ್ಬು’ ಅಂದರೆ ಇಲ್ಲಿ ಡಾಮರು ಎದ್ದದ್ದು ಅಂದುಕೊಳ್ಳುತ್ತಾರೆ.

ಇನ್ನು ಊರವರ ಮಾತು. ತಿರುಗಾಸಿನ ಬುಡದಲ್ಲಿ ಗುಳಿಗ ದೈವದ ಒಂದು ಕಟ್ಟೆ ಉಂಟು. ರಾತ್ರಿ ಲಾರಿಯವರು ನಿಧಾನ ಮಾಡಿ ಒಂದು ನಾಣ್ಯ ಹಾಕಿ ಹೋಗುತ್ತಾರೆ. ನಿಧಾನ ಮಾಡುವುದಂತೂ ಒಳ್ಳೆಯದೇ. ನನ್ನ ದೊಡ್ಡಮ್ಮ ಆ ಕಡೆ ಹೋಗುವ ಮಕ್ಕಳಿಗೆಲ್ಲ ಹೇಳುವುದು ಒಂದೇ ಮಾತು: “ಆ ಜಾಗ ಸರಿ ಇಲ್ಲ.”

ಈ ಮಾತು ನನಗೆ ತುಂಬ ಹಿಡಿಸಿತು. ಕುಡಿದು ಓಡಿಸಿದ, ಮೊಬೈಲ್ ನೋಡಿದ, ಅಂತ ನಾವು ಯಾವಾಗಲೂ ಡ್ರೈವರನಿಗೇ ಬೈಯುತ್ತೇವೆ. ಅವನು ಎಲ್ಲಿ ಬೇಕಾದರೂ ಬಿದ್ದಾನು. ಬೇರೆ ಬೇರೆ ಡ್ರೈವರುಗಳು ಅದೇ ಜಾಗದಲ್ಲಿ ಬೀಳುತ್ತಾರೆ ಅಂದರೆ ಜಾಗವನ್ನೇ ನೋಡಬೇಕು. ದೊಡ್ಡಮ್ಮ ಹೇಳುವುದೂ ಅದನ್ನೇ. ಅವಳ ಕಾರಣ ಬೇರೆ, ಅಷ್ಟೇ.

ಹಾಗಾಗಿ ಸದ್ಯಕ್ಕೆ ಹೀಗೆ ಮಾಡಿದ್ದೇನೆ. ಲೆಕ್ಕದಲ್ಲಿ ಸಿಕ್ಕಿದ್ದಕ್ಕೆ ‘ಅಪಘಾತ ಮರುಕಳಿಸುವ ಜಾಗ’, ಇನ್ನೂ ಆಗದೆ ಕಾದಿರುವುದಕ್ಕೆ ‘ಅಪಾಯದ ಜಾಗ’. ಎರಡನೆಯದು ಸರಿ ಕೂತಿದೆ. ಮೊದಲನೆಯದು ಅರ್ಜಿಗೆ ಸಾಕು, ಬ್ಯಾನರಿಗೆ ಉದ್ದ. ನಾಲ್ಕು ಅಡಿ ಅಗಲದಲ್ಲಿ ಅಕ್ಷರ ಸಣ್ಣ ಮಾಡಬೇಕಾಗುತ್ತದೆ. ‘ಮರುಕಳಿ ಜಾಗ’ ಅಂತ ಕತ್ತರಿಸಿ ನೋಡಿದೆ, ಜ್ವರದ ಹಾಗೆ ಕೇಳಿತು. ‘ಅವಘಡ’ ಇಡೋಣ ಅಂದರೆ ಅದು ಬೆಂಕಿಗೂ ಪಟಾಕಿಗೂ ಹೋಗಿ ಕೂತಿದೆ.

ನಮ್ಮ ಹಾಗೆ ಕರ್ನಾಟಕದ ಹೊರಗೆ ಕನ್ನಡ ಆಡುವ ತಾಳವಾಡಿ, ಹೊಸೂರು, ಅಕ್ಕಲಕೋಟೆ, ಜತ್ತ, ಮಡಕಶಿರಾ ಕಡೆಯವರು ಇಲ್ಲಿ ಇದ್ದರೆ ಹೇಳಿ: ಪದೇ ಪದೇ ಗಾಡಿ ಬೀಳುವ ಜಾಗಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ? ಬೋರ್ಡಿನಲ್ಲಿ ಇರುವುದು ಬೇಡ, ಮನೆಯಲ್ಲಿ ಅನ್ನುವುದು ಬೇಕು. ಹೊಸ ಬ್ಯಾನರ್ ಬುಧವಾರ ಪ್ರಿಂಟಿಗೆ ಹೋಗುತ್ತದೆ. ಭಟ್ರು ಮೊದಲು ಅವರಿಗೆ ತೋರಿಸಬೇಕು ಅಂದಿದ್ದಾರೆ.