ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ತೆಗೆದುಕೊಳ್ಳಬೇಕು, ಯಾವುದು ಒಳ್ಳೆಯದು?

ಪ್ರಶ್ನೆ: ಇಷ್ಟು ದಿನ ಸುಮ್ನೆ ಟಾರ್ಗೆಟ್ ಮೇಲಿನ ತೂತು ನೋಡಿಕೊಂಡೇ ರೀಲೋಡಿಂಗ್ (ಕಾರ್ಟ್ರಿಡ್ಜ್‌ಗಳನ್ನು ನಾನೇ ತುಂಬಿಕೊಳ್ಳುವುದು) ಮಾಡುತ್ತಿದ್ದೆ. ಈಗ ಗುಂಡಿನ ವೇಗವನ್ನೂ ಅಳೆಯೋಣ ಅನ್ನಿಸಿದೆ. ಹೆಚ್ಚಾಗಿ 100 ಮೀಟರ್, ಅಪರೂಪಕ್ಕೆ 600. ಬೆಳಕಿನ ಸ್ಕ್ರೀನ್‌ನದ್ದು, ಬ್ಯಾರೆಲ್‌ಗೆ ಕಟ್ಟುವುದು, ರೇಡಾರ್, ಮೂರರಲ್ಲಿ ಯಾವುದು? ಬಳಸಿದವರು ಹೇಳಿ.

ಒಬ್ಬರು: ನಾನು ಶುರು ಮಾಡಿದ್ದು ಸ್ಕ್ರೀನ್‌ನದ್ದರಿಂದ. ಅಗ್ಗ, ಅದೇ ಅದರ ದೊಡ್ಡ ಗುಣ. ಎರಡು ಸೆನ್ಸರ್‌ಗಳನ್ನು ಗುಂಡು ದಾಟುವ ಸಮಯ ಹಿಡಿದು ವೇಗ ಲೆಕ್ಕ ಹಾಕುತ್ತದೆ. ತೆಳುವಾಗಿ ಮೋಡ ಕವಿದ ದಿನ ಚೆನ್ನಾಗಿ ಓದುತ್ತದೆ. ಬಿಸಿಲು ಓರೆಯಾಗಿ ಬಿತ್ತೋ, ಒಂದು ಗುಂಡು ಲೆಕ್ಕಕ್ಕೇ ಸಿಗುವುದಿಲ್ಲ, ಇನ್ನೊಂದಕ್ಕೆ ನಂಬಲಾಗದ ಅಂಕಿ. ಒಳಾಂಗಣದ ಟ್ಯೂಬ್‌ಲೈಟ್ ಕೂಡ ಅದನ್ನು ಏಮಾರಿಸುತ್ತದೆ. ಮಡಚುವ ಪೆಟ್ಟಿಗೆಯಾದರೆ ಪೂರ್ತಿ ಬಿಡಿಸಿ. ಚೂರು ಮಡಚಿಕೊಂಡಿದ್ದರೂ ಸೆನ್ಸರ್‌ಗಳ ನಡುವಿನ ಅಂತರ ಕಡಿಮೆಯಾಗಿ ವೇಗ ಜಾಸ್ತಿ ತೋರಿಸುತ್ತದೆ.

ಇನ್ನೊಂದು ವಿಷಯ. ಒಂದಲ್ಲ ಒಂದು ದಿನ ಅದಕ್ಕೇ ಗುಂಡು ಹೊಡೆಯುತ್ತೀರಿ. ನಾನೂ ಹೊಡೆದೆ. ಸ್ಕೋಪ್‌ನಲ್ಲಿ ನೋಡಿದರೆ ದಾರಿ ಖಾಲಿ ಇತ್ತು. ಆದರೆ ಬ್ಯಾರೆಲ್ ಇರುವುದು ಸ್ಕೋಪ್‌ಗಿಂತ 4–5 ಸೆಂ.ಮೀ. ಕೆಳಗೆ, ಅಲ್ವಾ? ಟಪ್ ಅಂತ ಸದ್ದು, ಪೆಟ್ಟಿಗೆಯ ಮೂಲೆ ಹಾರಿಹೋಗಿತ್ತು. ಪರದೆಯಲ್ಲಿ ಆ ಗುಂಡಿನ ವೇಗ ಮಾತ್ರ ಬಂದಿತ್ತು!

ಮತ್ತೊಬ್ಬರು: ನನ್ನದು ಬ್ಯಾರೆಲ್ ತುದಿಗೆ ಪಟ್ಟಿಯಲ್ಲಿ ಬಿಗಿಯುವ ಅಯಸ್ಕಾಂತದ್ದು. ಬೆಳಕಿನ ಗೊಡವೆ ಇಲ್ಲ, ಅಂಕಿಯೂ ನಂಬಿಕಸ್ಥ. ಆದರೆ ತುದಿಗೆ ಭಾರ ಬಿದ್ದ ಕೂಡಲೇ ಬ್ಯಾರೆಲ್ ಅದುರುವ ರೀತಿಯೇ ಬದಲಾಗುತ್ತದೆ, ಗುಂಡು ಬೇರೆಲ್ಲೋ ಬೀಳುತ್ತದೆ. ಹಾಗಾಗಿ ವೇಗಕ್ಕೊಂದು ಸುತ್ತು, ಗ್ರೂಪ್ (ಟಾರ್ಗೆಟ್ ಮೇಲೆ ಗುಂಡುಗಳು ಎಷ್ಟು ಹತ್ತಿರ ಬಿದ್ದಿವೆ) ನೋಡಲು ಇನ್ನೊಂದು ಸುತ್ತು.

ಇನ್ನೊಬ್ಬರು: ದುಡ್ಡು ಹೊಂದಿದರೆ ರೇಡಾರ್, ಬೇರೆ ಮಾತಿಲ್ಲ. 2023ರಲ್ಲಿ ಬಂದ ಗಾರ್ಮಿನ್ ಕ್ಸೀರೋ ಸಿ1 ಪ್ರೊ ಜೇಬಿಗೆ ಹಿಡಿಸುತ್ತದೆ. ಬೆಂಚಿನ ಮೇಲಿಟ್ಟು ಟಾರ್ಗೆಟ್ ಕಡೆ ಮುಖ ಮಾಡಿದರೆ ಮುಗೀತು. ಎಲ್ಲರ ಶೂಟಿಂಗ್ ನಿಲ್ಲಿಸಿ ಮುಂದೆ ಹೋಗಿ ಟ್ರೈಪಾಡ್ ನೆಡುವ ತಾಪತ್ರಯ ಇಲ್ಲ. ಸದ್ದು ಕೇಳಿ ಎಚ್ಚರಗೊಳ್ಳುವ ಮಾದರಿ ಕೊಂಡರೆ ಮಾತ್ರ ಪಕ್ಕದ ಬೆಂಚಿನವರ ಗುಂಡಿಗೂ ಎದ್ದು ಕೂರುತ್ತದೆ.

ಆದರೆ ನಿಮ್ಮ 100 ಮೀಟರ್‌ಗೆ ಇದು ಬೇಕಾ? ಸೆಕೆಂಡಿಗೆ 800 ಮೀಟರ್ ಹೋಗುವ ಗುಂಡಿನಲ್ಲಿ 10 ಮೀಟರ್ ಹೆಚ್ಚುಕಡಿಮೆಯಾದರೆ ಅಲ್ಲಿ ಬೀಳುವ ವ್ಯತ್ಯಾಸ ಬರೀ 2 ಮಿ.ಮೀ. ನಿಮ್ಮ ಉಸಿರೇ ಅದಕ್ಕಿಂತ ಜಾಸ್ತಿ ಅಲ್ಲಾಡಿಸುತ್ತದೆ. 600ಕ್ಕೆ ಹೋದಾಗ ಅದೇ ವ್ಯತ್ಯಾಸ ಸುಮಾರು 10 ಸೆಂ.ಮೀ. ಆಗುತ್ತದೆ. ಆಗ ನೋಡಿ ಮಜಾ.

ಯಾವುದೇ ಯಂತ್ರ ಕೊಂಡರೂ 5 ಗುಂಡು ಹೊಡೆದು ಎಸ್‌ಡಿ (ಗುಂಡಿನಿಂದ ಗುಂಡಿಗೆ ವೇಗ ಎಷ್ಟು ಏರುಪೇರಾಗುತ್ತದೆ ಅನ್ನುವ ಅಂಕಿ) 5 ಬಂತು ಅಂತ ಹಿಗ್ಗಬೇಡಿ. ಅಷ್ಟು ಕಡಿಮೆ ಗುಂಡಿನಲ್ಲಿ ನಿಜವಾದ ಎಸ್‌ಡಿ 3 ಇರಬಹುದು, 14 ಕೂಡ ಇರಬಹುದು. 20 ಹೊಡೆದು 5 ಬಂದರೆ, ನಿಜವಾದದ್ದು ಹೆಚ್ಚುಕಡಿಮೆ 4ರಿಂದ 7ರ ಒಳಗೆ. ನಾನು ಎರಡು ವರ್ಷ 5 ಗುಂಡಿನ ಅಂಕಿ ನಂಬಿ ಪೌಡರ್ (ಮದ್ದು) ಬದಲಿಸುತ್ತಲೇ ಇದ್ದೆ. ಲೋಡ್ (ಪೌಡರ್, ಗುಂಡಿನ ಜೋಡಣೆ) ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ಮೊದಲಿನವರೇ: ಒಂದು ಮಾತು ಬಿಟ್ಟೆ. ಕ್ರೋನೋಗ್ರಾಫ್ ಬಂದೂಕಿನೊಳಗಿನ ಒತ್ತಡ ಅಳೆಯುವುದಿಲ್ಲ. ಆದರೆ ಲೋಡಿಂಗ್ ಕೈಪಿಡಿಯ ಗರಿಷ್ಠ ವೇಗ ನಿಮಗೆ ಕಡಿಮೆ ಪೌಡರ್‌ನಲ್ಲೇ ಬಂದರೆ ಅಲ್ಲಿಗೇ ನಿಲ್ಲಿಸಿ. ಒತ್ತಡ ಏರದೆ ವೇಗ ಏರುವುದಿಲ್ಲ. ಕೈಪಿಡಿಯವರ ಬ್ಯಾರೆಲ್ ಎಷ್ಟು ಉದ್ದ ಅಂತಲೂ ನೋಡಿಕೊಳ್ಳಿ.

ಕೇಳಿದವರು: ಸ್ನೇಹಿತರ ರೇಡಾರ್ ಒಂದು ದಿನಕ್ಕೆ ಸಿಗುತ್ತದಂತೆ. ಕೊಳ್ಳುವ ಯೋಚನೆ ಆಮೇಲೆ. ಒಂದೇ ಲೋಡ್‌ನ 20 ಗುಂಡು ತುಂಬಿಟ್ಟುಕೊಂಡು ಹೋಗುತ್ತೇನೆ.