ಹದಿನೇಳು ನಿಯಮ, ಒಂದು ಗುದ್ದಲಿ

ತುಮಕೂರಿನ ಅಮಾನಿಕೆರೆಯ ದಂಡೆಯ ಬೆಂಚಿನಲ್ಲಿ ದಿನವೂ ಸಂಜೆ ಸೇರುವ ನಮ್ಮ ನಾಲ್ವರ ಸಭೆಯ ಮುಂದೆ ಮೊನ್ನೆ ಒಂದು ಅರ್ಜಿ ಬಂದಿತು. ನಮ್ಮ ವಕೀಲರ ತಂಗಿಯ ಮಗ, ಎಂಜಿನಿಯರಿಂಗ್ ಎರಡನೆಯ ವರ್ಷದವನು, ಹನ್ನೊಂದು ಮಂದಿ ಗೆಳೆಯರನ್ನು ಕಟ್ಟಿಕೊಂಡು ದೇವರಾಯನದುರ್ಗದ ಕಡೆ ಎರಡು ರಾತ್ರಿ ಡೇರೆ ಹಾಕಿ ಉಳಿಯಬೇಕೆಂದಿದ್ದನು. ಕಾಡಿನಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಹಿರಿಯರು ಬರೆದುಕೊಟ್ಟರೆ ಮಾತ್ರ ಮನೆಯಲ್ಲಿ ಒಪ್ಪುತ್ತಾರಂತೆ. ನಿಯಮ ಬರೆಯುವುದೆಂದರೆ ನಿವೃತ್ತರಿಗೆ ಮದುವೆಯೂಟವಿದ್ದಂತೆ; ಹುಡುಗ ಮಾತು ಮುಗಿಸುವಷ್ಟರಲ್ಲಿ ವಕೀಲರು ಪೆನ್ನಿನ ಮುಚ್ಚಳ ತೆಗೆದಾಗಿತ್ತು.

“ಮೊದಲನೆಯದಾಗಿ, ಕ್ಯಾಂಪ್ ಫೈರ್ ಕೂಡದು,” ಎಂದು ಅವರು ಬರೆಯುತ್ತಲೇ ಓದಿದರು. “1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದೊಳಗೆ ಬೆಂಕಿ ಹೊತ್ತಿಸುವುದೇ ಅಪರಾಧ.”

“ಬೆಂಕಿಯಿಲ್ಲದ ಕ್ಯಾಂಪಿಗೂ ಒಗ್ಗರಣೆಯಿಲ್ಲದ ಸಾರಿಗೂ ಏನು ವ್ಯತ್ಯಾಸ ಮಾವ?” ಎಂದು ಹುಡುಗ ಗೊಣಗಿದನು.

ವಿಜ್ಞಾನ ಕಲಿಸಿ, ಜೊತೆಗೆ ಸ್ಕೌಟ್ ದಳವನ್ನೂ ನಡೆಸಿ ನಿವೃತ್ತರಾದ ನಮ್ಮ ಮೇಷ್ಟ್ರು ಇಂಥ ಪ್ರಶ್ನೆಗೇ ಕಾದಿದ್ದರು. ನಮ್ಮದು ಎಲೆಯುದುರುವ ಒಣಕಾಡು. ಫೆಬ್ರವರಿಯಿಂದ ಮೇವರೆಗೆ ನೆಲದ ಮೇಲೆ ಒಣಗಿದ ತರಗೆಲೆಯೂ ಹುಲ್ಲೂ ಸೇರಿ ಹಪ್ಪಳದಂತೆ ಗರಿಗರಿಯಾಗಿರುತ್ತವೆ. ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ ಹುಲ್ಲು ಸವರಿ ಬೆಂಕಿರೇಖೆ ಮಾಡುವುದು ಹಬ್ಬಿದ ಬೆಂಕಿ ಅಲ್ಲಿಯಾದರೂ ನಿಲ್ಲಲಿ ಎಂದೇ ಹೊರತು, ನೀವು ಅದರ ಮೇಲೆ ಸಾಲಾಗಿ ಕುಳಿತು ಜೋಳ ಸುಡಲಿ ಎಂದಲ್ಲ ಎಂದು ಅವರು ವಿವರಿಸಿದರು.

“ಹಾಗಾದರೆ ಬಂಡೆಯ ಮೇಲೆ ಹಚ್ಚಬಹುದಲ್ಲವೇ?”

“ಕೂಡದು!” ಎಂದು ವಕೀಲರು ಎದ್ದುನಿಂತರು. “ಬಂಡೆ ಕಾದು ಪಟಾರನೆ ಸಿಡಿದು ಚಕ್ಕೆ ಹಾರುತ್ತದೆ.” ಅರಣ್ಯ ಕಾಯ್ದೆಯ ಯಾವ ಕಲಮಿನಲ್ಲಿ ಇದು ಬರುತ್ತದೆಂದು ನಾವು ವಿಚಾರಿಸಲಾಗಿ, ತಾವು ಕಾನೂನು ಓದುತ್ತಿದ್ದ ಕಾಲದಲ್ಲಿ ಗೆಣಸು ಸುಡಲು ಹೋಗಿ ಹೊಸ ಟೆರಿಲಿನ್ ಪ್ಯಾಂಟಿನ ಮಂಡಿಯನ್ನು ತೂತು ಮಾಡಿಸಿಕೊಂಡ ಸಂಗತಿಯನ್ನು ಅವರು ತಗ್ಗಿದ ದನಿಯಲ್ಲಿ ಹೇಳಿದರು.

ಎರಡನೆಯ ನಿಯಮ ಜವಳಿ ಅಂಗಡಿಯವರದು: ಕೋತಿಗಳಿಗೆ ಏನನ್ನೂ ಕೊಡಬಾರದು. ಇದಕ್ಕೂ ಹಿನ್ನೆಲೆಯಿತ್ತು. ಅವರು ಒಮ್ಮೆ ಕ್ಯಾತ್ಸಂದ್ರದಲ್ಲಿ ಎಂಟು ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಸಂಸಾರಸಮೇತ ನಾಮದ ಚಿಲುಮೆಗೆ ಹೋಗಿ, ರಾಮನು ನಾಮವಿಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಹೊಡೆದ ಕಥೆಯನ್ನು ಮಕ್ಕಳಿಗೆ ಹೇಳುತ್ತ, ಪುಣ್ಯಕ್ಕಿರಲಿ ಎಂದು ಒಂದು ಕೋತಿಗೆ ಅರ್ಧ ಇಡ್ಲಿ ನೀಡಿದರು. ಉಳಿದ ಏಳೂವರೆ ಇಡ್ಲಿಯನ್ನು ರಾಮನ ಸೈನ್ಯವೇ ಬಂದು ವಸೂಲು ಮಾಡಿತು. ಒಂದು ಮರಿಯಂತೂ ಚಟ್ನಿಯ ಪೊಟ್ಟಣವನ್ನು ಹಲ್ಲಿನಿಂದ ಸೀಳಿ, ಮೂಸಿ, ಮುಖ ಸಿಂಡರಿಸಿ, ಇವರ ಬಿಳಿಯ ಅಂಗಿಯ ಮೇಲೆ ಒರೆಸಿ ಹೋಯಿತಂತೆ.

“ಅದು ಕೋತಿಯ ತಪ್ಪಲ್ಲ,” ಎಂದರು ಮೇಷ್ಟ್ರು. “ಕಾರಿ, ಕವಳೆ, ಆಲದ ಹಣ್ಣು ಹುಡುಕಿಕೊಂಡಿದ್ದ ಪ್ರಾಣಿಗೆ ನಿಮ್ಮಂಥವರು ಪೊಟ್ಟಣ ಬಿಚ್ಚುವ ವಿದ್ಯೆ ಕಲಿಸಿದಿರಿ.”

ಮೂರನೆಯ ನಿಯಮವನ್ನು ಹೇಳಿದವನು ನಾನೇ: ಹಳ್ಳದ ನೀರಿಗೆ ಸೋಪು, ಶಾಂಪೂ ಸೋಕಿಸಬಾರದು. ಎಲ್ಲರೂ ನನ್ನತ್ತ ತಿರುಗಿದರು. ಬ್ಯಾಂಕಿನ ಕ್ಲಬ್ಬಿನವರೊಡನೆ ದೇವರಾಯನದುರ್ಗಕ್ಕೆ ಹೋದಾಗ, ತಲೆಯಲ್ಲಿ ಕೂದಲಿದ್ದ ಕಾಲದಲ್ಲಿ, ನಾನು ಒಂದಿಡೀ ಶಾಂಪೂ ಪೊಟ್ಟಣವನ್ನು ಅಲ್ಲಿನ ತೊರೆಗೆ ಅರ್ಪಿಸಿದ್ದನ್ನು ಒಪ್ಪಿಕೊಂಡೆ. ಮೇಷ್ಟ್ರು ಲೆಕ್ಕ ತೆಗೆದರು. ಶಿಂಷಾ ಹುಟ್ಟುವುದು ಆ ಬೆಟ್ಟಸಾಲಿನಲ್ಲಿ. ಅದು ಕಾವೇರಿಗೆ ಸೇರುತ್ತದೆ. ಜಯಮಂಗಲಿ ಹುಟ್ಟುವುದೂ ಅಲ್ಲಿಯೇ. ಅದು ಉತ್ತರ ಪಿನಾಕಿನಿಯನ್ನು ಕೂಡಿ ಆಂಧ್ರಕ್ಕೆ ಹೋಗುತ್ತದೆ. “ಅಂದರೆ ಈತ ಯಾವ ಮಗ್ಗುಲಿಗೆ ತಲೆ ಬಗ್ಗಿಸಿದ್ದರೂ ಅದು ಅಂತರರಾಜ್ಯ ಜಲವಿವಾದವೇ,” ಎಂದು ವಕೀಲರು ಬಹಳ ತೃಪ್ತಿಯಿಂದ ತೀರ್ಪಿತ್ತರು.

ಆಮೇಲೆ ಸಭೆಗೆ ಹುರುಪೇರಿತು. ಬ್ಲೂಟೂತ್ ಸ್ಪೀಕರ್ ಕೂಡದು, ಏಕೆಂದರೆ ಬಂಡೆಯ ಪೊಟರೆಗಳಲ್ಲಿ ಕರಡಿಯ ಸಂಸಾರವಿರುತ್ತದೆ. ಬಂಡೆಯ ಮೇಲೆ ಹೆಸರು ಕೆತ್ತಕೂಡದು, ಹುಡುಗಿಯದಂತೂ ಕೂಡವೇ ಕೂಡದು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಪ್ರಪಂಚದ ಬೇರೆಲ್ಲೂ ಕಾಣದ ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ಅಲ್ಲಿರುವುದರಿಂದ ಫೋಟೋ ಆಸೆಗೆ ಪೊದೆ ಮುರಿಯಕೂಡದು. ಕತ್ತಲೆಗೆ ಮೊದಲು ಪಟ್ಟಿ ಹನ್ನೆರಡು ನಿಯಮ ತುಂಬಿಕೊಂಡು, ದೀಪ ಹೊತ್ತುವಷ್ಟರಲ್ಲಿ ಹದಿನಾರಕ್ಕೆ ಉಕ್ಕಿತು. ಹುಡುಗ ಕಾಗದವನ್ನು ಓದಿ ನೋಡಿ, “ಇದು ನಿಯಮಾವಳಿಯೋ ನಿಮ್ಮೆಲ್ಲರ ತಪ್ಪೊಪ್ಪಿಗೆಯೋ?” ಎಂದನು. ಯಾರೂ ಉತ್ತರಿಸಲಿಲ್ಲ.

ಹದಿನೇಳನೆಯ ವಿಷಯವನ್ನು ಎತ್ತಿದವರು ಮೇಷ್ಟ್ರು. “ಹನ್ನೆರಡು ಮಂದಿ ಬೆಳಗ್ಗೆ ಎಲ್ಲಿಗೆ ಹೋಗುತ್ತೀರಿ?”

“ಬೆಟ್ಟ ಹತ್ತಲು.”

“ಅದಕ್ಕೂ ಮೊದಲು.”

ಬೆಂಚಿನ ಮೇಲೆ ಮೌನ ಕವಿಯಿತು. ಬಹಿರ್ದೆಸೆಯಂಥ ಸಂಗತಿಯನ್ನು ತಮ್ಮ ಅಕ್ಷರದಲ್ಲಿ ಬರೆಯುವುದಿಲ್ಲವೆಂದು ವಕೀಲರು ಪೆನ್ನು ಮುಚ್ಚಿದರು. ಮೇಷ್ಟ್ರು ಮಾತ್ರ ಪಾಠದ ಧಾಟಿಯಲ್ಲೇ ಮುಂದುವರಿದರು: ನೀರಿನಿಂದಲೂ ದಾರಿಯಿಂದಲೂ ಎಪ್ಪತ್ತು ಹೆಜ್ಜೆ ದೂರ ಹೋಗಬೇಕು, ಗೇಣುದ್ದದ ಗುಂಡಿ ತೋಡಬೇಕು, ಆದ ಮೇಲೆ ಅದೇ ಮಣ್ಣು ಮುಚ್ಚಿ ತರಗು ಎಳೆಯಬೇಕು, ಮೇಲುಮಣ್ಣಿನಲ್ಲಿರುವ ಜೀವಾಣುಗಳು ಮಿಕ್ಕ ಕೆಲಸವನ್ನು ನೋಡಿಕೊಳ್ಳುತ್ತವೆ. ಸ್ಕೌಟುಗಳ ಐದನೆಯ ನಿಯಮ ಪ್ರಾಣಿಗಳ ಗೆಳೆಯನಾಗು, ಪ್ರಕೃತಿಯನ್ನು ಪ್ರೀತಿಸು ಎನ್ನುತ್ತದೆ. ಆ ಪ್ರೀತಿಯೆಲ್ಲ ಬೆಳಗಿನ ಆರು ಗಂಟೆಗೆ ಪರೀಕ್ಷೆಗೆ ಬರುತ್ತದೆ ಎಂದರು. ಹನ್ನೆರಡು ಮಂದಿ, ಎರಡು ಬೆಳಗು, ಇಪ್ಪತ್ನಾಲ್ಕು ಗುಂಡಿ. ಜವಳಿಯವರು ಅಷ್ಟು ಗುಂಡಿಯಲ್ಲಿ ತೆಂಗಿನ ಸಸಿ ನೆಡಬಹುದಿತ್ತೆಂದು ನಿಟ್ಟುಸಿರಿಟ್ಟರು.

ಆಗ ಹುಡುಗ ನಿಧಾನವಾಗಿ ಬಾಯಿಬಿಟ್ಟನು. ಮೀಸಲು ಅರಣ್ಯದೊಳಗೆ ರಾತ್ರಿ ತಂಗಲು ಇಲಾಖೆಯ ಅನುಮತಿ ಬೇಕೆಂಬುದು ಅವರಿಗೆ ಮೊದಲೇ ತಿಳಿದಿತ್ತು. ಆದ್ದರಿಂದ ಕಾಡಂಚಿನಲ್ಲಿರುವ ಗೆಳೆಯನೊಬ್ಬನ ತಾತನ ತೆಂಗಿನ ತೋಟದಲ್ಲಿ ಡೇರೆ ಹಾಕಿ, ಗ್ಯಾಸ್ ಒಲೆಯಲ್ಲಿ ಅಡುಗೆ ಮಾಡಿಕೊಂಡು, ಹಗಲು ಮಾತ್ರ ಕಾಲುದಾರಿ ಬಿಡದೆ ಕಾಡು ತಿರುಗುವುದೆಂದು ಗೊತ್ತುಮಾಡಿದ್ದರು. ಹೊತ್ತು ತಂದ ಕಸವನ್ನು ಹೊತ್ತೇ ಒಯ್ಯಲು ಗೋಣಿಚೀಲಗಳೂ ಸಿದ್ಧವಾಗಿದ್ದವು. “ತೋಟದಲ್ಲಿ ಕಕ್ಕಸಿಲ್ಲ. ತಾತನ ಗುದ್ದಲಿಯ ಕಾವು ಮುರಿದಿದೆ. ನಿಮ್ಮಲ್ಲಿ ಯಾರಾದರೂ ಒಂದು ಗುದ್ದಲಿ ಕೊಡುತ್ತೀರಾ?”

ವಕೀಲರು ತಾವು ಅಪಾರ್ಟ್‌ಮೆಂಟಿನಲ್ಲಿರುವುದನ್ನು ಸಭೆಗೆ ನೆನಪಿಸಿದರು. ನಾನು ಗುದ್ದಲಿ ಹಿಡಿದವನಲ್ಲ. ಮೇಷ್ಟ್ರದು ಮಗಳ ಊರಿನಲ್ಲಿತ್ತು. ಎಲ್ಲರ ಕಣ್ಣೂ ಜವಳಿಯವರ ಮೇಲೆ ನಿಂತಾಗ ಅವರು ಪಂಚೆಯ ಅಂಚನ್ನು ಸರಿಪಡಿಸಿಕೊಳ್ಳುತ್ತ, “ಒಂದಿದೆ, ನಿಜ. ಆದರೆ ಅದು ನಮ್ಮಾಕೆ ತುಳಸಿಕಟ್ಟೆಗೆಂದು ಇಟ್ಟುಕೊಂಡಿರುವುದು,” ಎಂದರು.

“ತೊಳೆದು ಕೊಡುತ್ತೇವೆ.”

“ತೊಳೆಯುವುದು ಹಾಗಿರಲಿ. ಯಾವ ಕೆಲಸಕ್ಕೆಂದು ಆಕೆ ಕೇಳಿದರೆ, ಸಸಿ ನೆಡುವುದಕ್ಕೆಂದು ಹೇಳಬೇಕು.”

ವಕೀಲರು ಮತ್ತೆ ಪೆನ್ನು ತೆಗೆದು, ಅದನ್ನೇ ಹದಿನೇಳನೆಯ ನಿಯಮವೆಂದು ಬರೆದುಕೊಂಡರು.