ನೆಟ್‌ವರ್ಕ್ ಇಲ್ಲದ ಬೆಟ್ಟಕ್ಕೆ ಯಾವ ಆ್ಯಪ್? ಚಾರಣ ಮಾರ್ಗದರ್ಶಿಯನ್ನು ಕೇಳಿ

ಚಿಕ್ಕಮಗಳೂರು, ಕೊಡಗಿನ ಬೆಟ್ಟಗಳಿಗೆ ತಂಡಗಳನ್ನು ಕರೆದೊಯ್ಯುವ ಮಾರ್ಗದರ್ಶಿಯೊಬ್ಬರು ಈ ವಾರ ಬಳಗದವರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದಾರೆ. ವಿಷಯ: ಚಾರಣದಲ್ಲಿ ದಾರಿ ತೋರಿಸುವ ಮೊಬೈಲ್ ಆ್ಯಪ್‌ಗಳು.

ಪ್ರಶ್ನೆ (ತುಮಕೂರಿನಿಂದ): ನಮಸ್ಕಾರ ಸರ್. ಡಿಸೆಂಬರ್‌ನಲ್ಲಿ ನಾವು ನಾಲ್ವರು ಗೆಳತಿಯರು ಕುದುರೆಮುಖ ಹತ್ತಬೇಕು ಅಂತಿದ್ದೇವೆ. ಇಷ್ಟು ದಿನ ಗೂಗಲ್ ಮ್ಯಾಪ್ಸ್ ಬಿಟ್ಟು ಬೇರೇನೂ ಬಳಸಿಲ್ಲ. ಹುಡುಕಿದರೆ ಆಲ್‌ಟ್ರೇಲ್ಸ್, ವಿಕಿಲಾಕ್, ಓಸ್‌ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್, ಗಾಯಾ ಅಂತ ಸಾಲುಗಟ್ಟಿ ಬರ್ತವೆ. ಯಾವುದನ್ನು ಹಾಕಿಕೊಳ್ಳಲಿ? ದುಡ್ಡು ಕೊಡಲೇಬೇಕಾ?

ಉತ್ತರ: ನಮಸ್ಕಾರ ಮೇಡಂ. ದುಡ್ಡು ಕೊಡಬೇಕಾಗಿಲ್ಲ. ಮೊದಲ ಸಲ ಅಂದರೆ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿಕೊಳ್ಳಿ. ಉಚಿತ, ಜಾಹೀರಾತಿಲ್ಲ, ಖಾತೆ ತೆರೆಯುವ ಗೋಜಿಲ್ಲ. ಮನೆಯಲ್ಲಿ ವೈಫೈ ಇರುವಾಗ ಕರ್ನಾಟಕದ ನಕ್ಷೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಕಾಗಿಯೇ ಇಲ್ಲ. ಬೆಟ್ಟದ ಏರಿಳಿತ ತೋರಿಸುವ ಕಾಂಟೂರ್ ಗೆರೆಗಳೂ ಅದರಲ್ಲಿವೆ. ತಡಿಯಂಡಮೋಳ್ ಥರ ಗಡಿ ಹತ್ತಿರದ ಬೆಟ್ಟಕ್ಕೆ ಹೋಗುವಾಗ ಕೇರಳದ ನಕ್ಷೆಯನ್ನೂ ಇಳಿಸಿಕೊಳ್ಳಿ, ಇಲ್ಲದಿದ್ದರೆ ಗಡಿಯಾಚೆ ಪರದೆ ಖಾಲಿ ಖಾಲಿ.

ಗೂಗಲ್ ಮ್ಯಾಪ್ಸ್ ಊರಿಂದ ಬೆಟ್ಟದ ಬುಡದವರೆಗೆ ಬಹಳ ಒಳ್ಳೆಯದು. ಅದನ್ನೂ ಆಫ್‌ಲೈನ್ ಇಳಿಸಿಕೊಳ್ಳಬಹುದು, ಆದರೆ ನೆಟ್ ಇಲ್ಲದಾಗ ಅದು ಗಾಡಿ ದಾರಿ ಹೇಳುತ್ತದೆಯೇ ಹೊರತು ನಡೆಯುವ ದಾರಿ ಹೇಳುವುದಿಲ್ಲ. ಕಾಡಿನ ಕಾಲುದಾರಿಗಳೂ ಅದರಲ್ಲಿ ಕಡಿಮೆ.

ಓಸ್‌ಮ್ಯಾಂಡ್ ಇನ್ನೂ ಶಕ್ತಿಶಾಲಿ. ಅದಕ್ಕೂ ಆರ್ಗ್ಯಾನಿಕ್ ಮ್ಯಾಪ್ಸ್‌ಗೂ ಮೂಲ ಒಂದೇ, ಸ್ವಯಂಸೇವಕರು 2004ರಿಂದ ಕಟ್ಟುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್. ಆದರೆ ಓಸ್‌ಮ್ಯಾಂಡ್‌ನ ಮೆನು ಒಳಗೆ ಮೆನು, ಹೊಸಬರಿಗೆ ತಲೆ ಬಿಸಿ ಮಾಡುತ್ತದೆ. ಆಸಕ್ತಿ ಬಂದ ಮೇಲೆ ಕಲಿಯಿರಿ.

ವಿಕಿಲಾಕ್ ಬೇರೆಯೇ ಜಾತಿ. ಅದು ಮುಖ್ಯವಾಗಿ ಜನ ನಡೆದು ದಾಖಲಿಸಿದ ದಾರಿಗಳ ಭಂಡಾರ. ನಮ್ಮ ಘಟ್ಟದ ಬೆಟ್ಟಗಳ ದಾರಿಗಳು ಅಲ್ಲಿ ಸಾಕಷ್ಟಿವೆ. ಸುಮ್ಮನೆ ನೋಡಬಹುದು, ಆದರೆ ದಾರಿ ಹಿಡಿಸಿ ನಡೆಸುವ ಸೌಲಭ್ಯ ಹಣ ಕೊಟ್ಟವರಿಗೆ. ಅಲ್ಲಿ ನೋಡಿ ಅಭ್ಯಾಸ ಮಾಡಿ. ಜೊತೆಗೆ ಆ ಬೆಟ್ಟ ಹತ್ತಿ ಬಂದವರ ಬಳಿ ಅವರು ನಡೆದ ದಾರಿ ದಾಖಲಾಗಿರುವ ಜಿಪಿಎಕ್ಸ್ ಫೈಲ್ ಇದ್ದರೆ ಕೇಳಿ ಪಡೆದು ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ತೆರೆಯಿರಿ. ನಿಮಗೆ ಇಷ್ಟು ಸಾಕು. ಆಲ್‌ಟ್ರೇಲ್ಸ್, ಗಾಯಾ ಎರಡೂ ಅಮೆರಿಕದಲ್ಲಿರುವ ನಮ್ಮವರಿಗೆ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. ನಮ್ಮ ಕಡೆಯ ಬೆಟ್ಟಕ್ಕಾಗಿ ಅವುಗಳ ಚಂದಾ ಕಟ್ಟಿ ಅಂತ ನಾನು ಹೇಳುವುದಿಲ್ಲ.

ಯಾವುದೇ ಆ್ಯಪ್ ಆಗಲಿ, ಹೊರಡುವ ಹಿಂದಿನ ದಿನ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಅದನ್ನು ತೆರೆಯಿರಿ. ನೀವು ಹತ್ತಲು ಶುರುಮಾಡುವ ಮುಳ್ಳೋಡಿ ಕಾಣಬೇಕು, ಶಿಖರ ಕಾಣಬೇಕು, ನಡುವಿನ ದಾರಿ ಕಾಣಬೇಕು, ಹಿಗ್ಗಿಸಿದರೆ ಗೆರೆಗಳು ಸ್ಪಷ್ಟವಾಗಿ ಬರಬೇಕು. ಇದರಲ್ಲಿ ಪಾಸಾಗದ ಆ್ಯಪ್‌ಗೆ ಎಷ್ಟು ಸ್ಟಾರ್ ಇದ್ದರೇನು? ನಾಲ್ವರಲ್ಲಿ ಕನಿಷ್ಠ ಇಬ್ಬರ ಫೋನಿನಲ್ಲಿ ಇದೆಲ್ಲ ಇರಲಿ.

ಮತ್ತೆ, ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಕಾದಿರಿಸಿಕೊಳ್ಳಿ. ರಜೆಯ ವಾರಾಂತ್ಯಗಳಲ್ಲಿ ಬೇಗ ಮುಗಿದುಹೋಗುತ್ತದೆ.

ಪ್ರಶ್ನೆ (ಶಿರಸಿಯಿಂದ): ಸರ್, ನಾನು ನಿವೃತ್ತ ಮೇಷ್ಟ್ರು. ಸಿಗ್ನಲ್ಲೇ ಇಲ್ಲದ ಕಡೆ ಫೋನಿಗೆ ನಾನೆಲ್ಲಿದ್ದೇನೆ ಅಂತ ಹೇಗೆ ತಿಳಿಯುತ್ತದೆ? ಮಗ ‘ಸಿಮ್ ತೆಗೆದರೂ ಗೊತ್ತಾಗುತ್ತೆ’ ಅನ್ನುತ್ತಾನೆ. ನನಗೆ ನಂಬಿಕೆ ಬರುತ್ತಿಲ್ಲ.

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ ಮೇಷ್ಟ್ರೇ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ಸಮಯ ಮತ್ತು ತಮ್ಮ ಸ್ಥಾನವನ್ನು ಸಾರುತ್ತಲೇ ಇರುತ್ತವೆ. ನಮ್ಮ ಫೋನ್ ಅವಕ್ಕೆ ಏನನ್ನೂ ಕಳಿಸುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಲೆಕ್ಕ ಹಾಕಿ ಸ್ಥಾನ ಹೇಳುತ್ತದೆ. ಈಗಿನ ಕೆಲವು ಫೋನ್‌ಗಳು ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳನ್ನೂ ಬಳಸುತ್ತವೆ.

ನೆಟ್‌ವರ್ಕ್ ಇದ್ದರೆ ಒಂದು ಅನುಕೂಲ ಉಂಟು: ಯಾವ ಉಪಗ್ರಹ ಎಲ್ಲಿದೆ ಎಂಬ ಮಾಹಿತಿ ಟವರ್ ಮೂಲಕ ಕ್ಷಣದಲ್ಲಿ ಬಂದುಬಿಡುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ನಿಧಾನವಾಗಿ ಇಳಿಸಿಕೊಳ್ಳಬೇಕು. ಬಯಲಿನಲ್ಲಿ ಅರ್ಧ ಒಂದು ನಿಮಿಷ, ಮರದಡಿ ಹಲವು ನಿಮಿಷ ಹಿಡಿಯಬಹುದು. ಅದಕ್ಕೇ ಕೊನೆಯ ಊರಿನಲ್ಲಿ, ಸಿಗ್ನಲ್ ಇರುವಾಗಲೇ ಆ್ಯಪ್ ತೆರೆದು ನೀವಿರುವ ಜಾಗದಲ್ಲಿ ನೀಲಿ ಚುಕ್ಕೆ ಕೂತಿದೆಯೇ ನೋಡಿಕೊಂಡು ಹೊರಡಬೇಕು.

ತೆರೆದ ಆಕಾಶದಡಿ ಐದು ಮೀಟರ್ ಆಚೀಚೆ ಸರಿಯಾಗಿ ತೋರಿಸುತ್ತದೆ. ಶೋಲಾ ಕಾಡಿನ ಒಳಗೆ, ಕಣಿವೆಯಲ್ಲಿ ಚುಕ್ಕೆ ಹತ್ತಿಪ್ಪತ್ತು ಮೀಟರ್ ಅತ್ತಿತ್ತ ಹಾರುತ್ತದೆ. ಹಾರಿದ ಕೂಡಲೇ ದಾರಿ ತಪ್ಪಿತು ಅಂತ ಗಾಬರಿಯಾಗಬೇಡಿ. ಒಂದು ನಿಮಿಷ ನಿಂತು ನೋಡಿ.

ಪ್ರಶ್ನೆ (ಬೆಂಗಳೂರಿನಿಂದ): ಅಣ್ಣ, ಒಂದೇ ಬೆಟ್ಟಕ್ಕೆ ನಾಲ್ಕೈದು ಟ್ರ್ಯಾಕ್ ಸಿಕ್ಕವು. ಒಂದಕ್ಕೊಂದು ತಾಳೆಯೇ ಇಲ್ಲ. ಯಾವುದನ್ನು ನಂಬಬೇಕು?

ಉತ್ತರ: ಬಹಳ ಮುಖ್ಯವಾದ ಪ್ರಶ್ನೆ. ಆ್ಯಪ್ ಯಾವುದು ಅನ್ನುವುದಕ್ಕಿಂತ ಇದು ದೊಡ್ಡದು.

ಟ್ರ್ಯಾಕ್ ಅಂದರೆ ಯಾರೋ ಒಬ್ಬರು ಒಂದು ದಿನ ನಡೆದ ಗುರುತು. ಅವರು ದಾರಿ ತಪ್ಪಿ ಅಲೆದದ್ದೂ ಅದರಲ್ಲಿ ಸೇರಿರುತ್ತದೆ. ಮೊದಲು ಯಾವ ತಿಂಗಳಿನದು ನೋಡಿ. ಫೆಬ್ರವರಿಯಲ್ಲಿ ಒಣಹುಲ್ಲಿನ ನಡುವೆ ಎದ್ದು ಕಾಣುವ ದಾರಿ ಮಳೆಗಾಲ ಮುಗಿಯುವ ಹೊತ್ತಿಗೆ ಎದೆಮಟ್ಟ ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತದೆ. ಬೇಸಿಗೆಯಲ್ಲಿ ಕಲ್ಲು ದಾಟಿಕೊಂಡು ಹೋದ ಹಳ್ಳ ಆಗಸ್ಟ್‌ನಲ್ಲಿ ದಾಟಲಾರದ್ದು. ಎರಡನೆಯದು, ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ ಎಲ್ಲಾದರೂ ಇದೆಯೇ ನೋಡಿ. ಇದ್ದರೆ ಅಲ್ಲಿ ಅವರ ಫೋನ್ ದಾಖಲಿಸುವುದನ್ನು ನಿಲ್ಲಿಸಿತ್ತು ಎಂದರ್ಥ, ಅಲ್ಲಿ ದಾರಿ ಇದೆ ಎಂದಲ್ಲ. ಮೂರನೆಯದಾಗಿ ಟ್ರ್ಯಾಕನ್ನು ಕಾಂಟೂರ್ ಗೆರೆಗಳ ಮೇಲಿಟ್ಟು ನೋಡಿ. ಗೆರೆಗಳು ಒಂದಕ್ಕೊಂದು ಅಂಟಿಕೊಂಡಿರುವ ಕಡೆ ನೆಲ ಕಡಿದು ಬಿದ್ದಿರುತ್ತದೆ. ನಮ್ಮ ಘಟ್ಟಗಳ ಪಶ್ಚಿಮ ಮುಖವೇ ಹಾಗೆ. ಮೇಲೆ ಮೆತ್ತನೆಯ ಹುಲ್ಲು, ನಾಲ್ಕು ಹೆಜ್ಜೆ ಮುಂದೆ ಪ್ರಪಾತ. ಮಂಜಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಲವರ ಟ್ರ್ಯಾಕ್‌ಗಳು ಒಂದರ ಮೇಲೊಂದು ಕೂರುವ ಭಾಗವನ್ನು ನಂಬಿ, ಒಬ್ಬರೇ ಕವಲೊಡೆದು ಹೋದ ಭಾಗವನ್ನು ಬಿಡಿ.

ಕಾಟಿಗಳು ನಡೆದು ಮಾಡಿದ ದಾರಿ ಮನುಷ್ಯರ ಕಾಲುದಾರಿಯಂತೆಯೇ ಅಗಲವಾಗಿ, ಸವೆದು ಕಾಣುತ್ತದೆ. ಹೆಚ್ಚಿನವರು ದಾರಿ ತಪ್ಪುವುದು ಇಂಥ ಕವಲಿನಲ್ಲೇ. ಆದ್ದರಿಂದ ಪ್ರತಿ ಕವಲಿನಲ್ಲೂ ಫೋನ್ ತೆಗೆದು ನೋಡಿ, ಮತ್ತೆ ನೂರು ಹೆಜ್ಜೆ ನಡೆದ ಮೇಲೆ ಇನ್ನೊಮ್ಮೆ ನೋಡಿ. ಚುಕ್ಕೆ ಗೆರೆಯಿಂದ ದೂರ ಸರಿಯುತ್ತಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಕವಲು ಸೇರಿಕೊಳ್ಳಿ. ‘ದಾರಿ ಅಲ್ಲೇ ಇದೆಯಲ್ಲ, ಇನ್ನೂರೇ ಮೀಟರ್, ಅಡ್ಡ ನುಗ್ಗೋಣ’ ಅನ್ನುವ ಆಸೆ ಬರುತ್ತದೆ. ನುಗ್ಗಬೇಡಿ. ಶೋಲಾದೊಳಗೆ ಆ ಇನ್ನೂರು ಮೀಟರ್ ಬಳ್ಳಿ, ಬಂಡೆ, ಇಳಿಜಾರುಗಳಲ್ಲಿ ಒಂದು ಗಂಟೆ ತಿನ್ನಬಹುದು, ನಡುವೆ ಇಳಿಯಲಾರದ ಕೊರಕಲು ಇದ್ದರೆ ಪರದೆಯ ಮೇಲೆ ಕಾಣುವುದೂ ಇಲ್ಲ. ದಾರಿ ತಪ್ಪಿದ್ದನ್ನು ಬೇಗ ತಿಳಿಸುವುದೇ ಆ್ಯಪ್‌ನಿಂದ ನಮಗೆ ಆಗಬೇಕಾದ ಕೆಲಸ. ತಿಳಿದ ಮೇಲೆ ತಿರುಗಿ ಬರುವುದು ನಮ್ಮ ಕೈಯಲ್ಲಿದೆ.

ಪ್ರತಿಕ್ರಿಯೆ (ಕಳಸದಿಂದ): ಸರ್, ಇನ್ನೊಂದು ವಿಷಯ ದಯವಿಟ್ಟು ಹೇಳಿ. ಆ್ಯಪ್‌ನಲ್ಲಿ ದಾರಿ ಇದೆ ಅಂತ ಜನ ನಮ್ಮ ಕಾಫಿ ತೋಟದೊಳಗೇ ಬರ್ತಾರೆ. ಗೇಟು ತೆಗೆದವರು ಹಾಕುವುದಿಲ್ಲ, ದನ ನುಗ್ಗುತ್ತೆ. ಕೇಳಿದರೆ ಮೊಬೈಲ್ ತೋರಿಸ್ತಾರೆ.

ಉತ್ತರ: ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಕ್ಷೆಯಲ್ಲಿ ಗೆರೆ ಇದೆ ಅಂದಮಾತ್ರಕ್ಕೆ ಅದರಲ್ಲಿ ನಡೆಯುವ ಹಕ್ಕು ಬರುವುದಿಲ್ಲ. ತೋಟದ ದಾರಿಯಾದರೆ ಮನೆಯವರನ್ನು ಕೇಳಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದ ಪ್ರವೇಶ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನಿಷೇಧವಿರುವ ದಾರಿಯ ಟ್ರ್ಯಾಕ್ ನಿಮ್ಮ ಬಳಿ ಇದ್ದರೆ ಯಾರೊಂದಿಗೂ ಹಂಚಬೇಡಿ.

ನಿಮಗೆ ಒಂದು ದಾರಿ ಇದೆ ಸರ್. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದರೂ ಖಾತೆ ತೆರೆದು ತಿದ್ದಬಹುದು. ನಿಮ್ಮ ತೋಟದ ದಾರಿಯನ್ನು ಖಾಸಗಿ ಅಂತ ಗುರುತಿಸಿ. ಮುಂದಿನ ಸಲ ನಕ್ಷೆ ನವೀಕರಣವಾದಾಗ ಆರ್ಗ್ಯಾನಿಕ್ ಮ್ಯಾಪ್ಸ್, ಓಸ್‌ಮ್ಯಾಂಡ್ ಎರಡಕ್ಕೂ ಅದು ಹೋಗುತ್ತದೆ. ಮನೆಯ ಹುಡುಗರಿಗೆ ಹೇಳಿದರೆ ಹತ್ತು ನಿಮಿಷದ ಕೆಲಸ.

ಪ್ರಶ್ನೆ (ಹಾಸನದಿಂದ): ಮುಳ್ಳಯ್ಯನಗಿರಿ 1930 ಮೀಟರ್ ಅಂತ ಓದಿದ್ದೇವೆ. ತುದಿಯಲ್ಲಿ ನಿಂತು ನೋಡಿದರೆ ಒಂದು ಆ್ಯಪ್ 1840ರ ಆಸುಪಾಸು ತೋರಿಸಿತು, ಇನ್ನೊಂದು ಸರಿಯಾಗಿ ತೋರಿಸಿತು. ಫೋನ್ ಕೆಟ್ಟಿದೆಯಾ ಸರ್?

ಉತ್ತರ: ಫೋನ್ ಚೆನ್ನಾಗಿಯೇ ಇದೆ. ಜಿಪಿಎಸ್ ಎತ್ತರವನ್ನು ಅಳೆಯುವುದು ಸಮುದ್ರಮಟ್ಟದಿಂದಲ್ಲ, ಭೂಮಿಗೆ ಗಣಿತದಲ್ಲಿ ಕಲ್ಪಿಸಿಕೊಂಡ ನುಣುಪಾದ ಆಕಾರವೊಂದರಿಂದ. ನಿಜವಾದ ಸಮುದ್ರಮಟ್ಟ ಗುರುತ್ವದ ಏರುಪೇರಿಗೆ ತಕ್ಕಂತೆ ಅದಕ್ಕಿಂತ ಮೇಲೆ ಕೆಳಗೆ ಇರುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಅದು ನೂರು ಮೀಟರಿಗೂ ಹೆಚ್ಚು ತಗ್ಗಿದೆ, ಪ್ರಪಂಚದಲ್ಲೇ ಅತಿ ದೊಡ್ಡ ತಗ್ಗು. ಅದರ ಅಂಚು ನಮ್ಮವರೆಗೂ ಚಾಚಿರುವುದರಿಂದ ಕರ್ನಾಟಕದ ದಕ್ಷಿಣ ಭಾಗದಲ್ಲಿ ವ್ಯತ್ಯಾಸ ಸುಮಾರು 80ರಿಂದ 90 ಮೀಟರ್. ಕೆಲವು ಆ್ಯಪ್‌ಗಳು ಇದನ್ನು ತಾವೇ ಸರಿಪಡಿಸಿ ತೋರಿಸುತ್ತವೆ, ಕೆಲವು ತೋರಿಸುವುದಿಲ್ಲ. ತಿದ್ದದ ಆ್ಯಪ್ ಮಂಗಳೂರಿನ ಕಡಲ ದಂಡೆಯಲ್ಲಿ ನಿಂತವರನ್ನು ನೀರಿನೊಳಗೆ ಇಳಿಸಿಬಿಡುತ್ತದೆ! ಬೆಟ್ಟದ ಬುಡದಲ್ಲೂ ತುದಿಯಲ್ಲೂ ಒಂದೇ ಆ್ಯಪ್ ನೋಡಿದರೆ ಎಷ್ಟು ಹತ್ತಿದಿರಿ ಅನ್ನುವ ಲೆಕ್ಕ ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ.

ಫೋನಿನ ದಿಕ್ಸೂಚಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಅಯಸ್ಕಾಂತದ ಮುಚ್ಚಳವಿರುವ ಕವರ್ ತೆಗೆದಿಡಿ. 2005ರ ಕೊನೆಯವರೆಗೆ ಗಣಿಗಾರಿಕೆ ನಡೆದ ಕುದುರೆಮುಖದ ಅದಿರು ಮ್ಯಾಗ್ನೆಟೈಟ್, ಅಯಸ್ಕಾಂತದ ಗುಣವಿರುವ ಕಬ್ಬಿಣ. ಇಂಥ ಕಲ್ಲಿರುವ ಕಡೆ ಮುಳ್ಳು ವಾಲಬಹುದು. ಅನುಮಾನ ಬಂದರೆ ಇಪ್ಪತ್ತು ಮೂವತ್ತು ಹೆಜ್ಜೆ ನಡೆದು, ಚುಕ್ಕೆ ಯಾವ ಕಡೆ ಸರಿಯಿತು ನೋಡಿ ದಿಕ್ಕು ತಿಳಿಯಿರಿ.

ಪ್ರಶ್ನೆ (ಮೈಸೂರಿನಿಂದ): ಟ್ರ್ಯಾಕ್ ರೆಕಾರ್ಡ್ ಹಾಕಿದರೆ ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ. ಒಮ್ಮೊಮ್ಮೆ ಅರ್ಧದಲ್ಲೇ ರೆಕಾರ್ಡ್ ನಿಂತುಹೋಗಿರುತ್ತದೆ.

ಉತ್ತರ: ಚಾರ್ಜ್ ತಿನ್ನುವುದು ಹೆಚ್ಚಾಗಿ ಜಿಪಿಎಸ್ ಅಲ್ಲ, ಸಿಗದ ಟವರನ್ನು ಹುಡುಕುತ್ತಲೇ ಇರುವ ಫೋನು ಮತ್ತು ಬೆಳಗುವ ಪರದೆ. ಏರೋಪ್ಲೇನ್ ಮೋಡ್ ಹಾಕಿ, ಲೊಕೇಶನ್ ಆನ್ ಇಡಿ. ಜಿಪಿಎಸ್ ನಡೆಯುತ್ತಲೇ ಇರುತ್ತದೆ. ರೆಕಾರ್ಡ್ ನಿಲ್ಲುವುದು ಫೋನಿನ ಬ್ಯಾಟರಿ ಉಳಿಸುವ ವ್ಯವಸ್ಥೆ ಹಿನ್ನೆಲೆಯಲ್ಲಿರುವ ಆ್ಯಪನ್ನು ಮುಚ್ಚುವುದರಿಂದ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಮಾತ್ರ ಬ್ಯಾಟರಿ ನಿರ್ಬಂಧ ತೆಗೆಯಿರಿ. 10,000 ಎಂಎಎಚ್ ಪವರ್ ಬ್ಯಾಂಕ್‌ನಿಂದ ಫೋನಿಗೆ ಸೇರುವುದು ಆರು ಸಾವಿರ ಚಿಲ್ಲರೆ ಅಷ್ಟೇ. ಮಳೆಯಲ್ಲಿ ಇನ್ನೊಂದು ತೊಂದರೆ: ಚಾರ್ಜಿಂಗ್ ಕಿಂಡಿ ಒದ್ದೆಯಾದರೆ ಹಲವು ಫೋನ್‌ಗಳು ಚಾರ್ಜ್ ಆಗುವುದೇ ಇಲ್ಲ, ನೀರು ಬಿದ್ದ ಪರದೆ ಬೆರಳಿನ ಮಾತೂ ಕೇಳುವುದಿಲ್ಲ. ಜಿಪ್ ಚೀಲ, ಒಂದು ಒಣಬಟ್ಟೆ ಇಟ್ಟುಕೊಳ್ಳಿ. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯ ಮುದ್ರಿತ ಹಾಳೆ ಚೀಲದಲ್ಲಿದ್ದರೆ ನನಗಂತೂ ಸಮಾಧಾನ.

ಪ್ರಶ್ನೆ (ನ್ಯೂಜೆರ್ಸಿಯಿಂದ): ಸರ್, ಜನವರಿಯಲ್ಲಿ ಊರಿಗೆ ಬರ್ತಿದ್ದೀನಿ. ಕುಮಾರ ಪರ್ವತಕ್ಕೆ ತಮ್ಮನ ಜೊತೆ ಹೋಗೋ ಯೋಚನೆ. ಇಲ್ಲಿ ಬಳಸೋ ಗಾರ್ಮಿನ್ ಇನ್‌ರೀಚ್ ತರ್ತೀನಿ, ಅಪಾಯ ಆದ್ರೆ ಉಪಗ್ರಹದಿಂದ ಮೆಸೇಜ್ ಕಳಿಸಬಹುದಲ್ಲ?

ಉತ್ತರ: ದಯವಿಟ್ಟು ತರಬೇಡಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಉಪಗ್ರಹ ಫೋನ್ ಆಗಲಿ, ಇನ್‌ರೀಚ್‌ನಂಥ ಸಂದೇಶ ಸಾಧನವಾಗಲಿ ಇಟ್ಟುಕೊಳ್ಳುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಇದೇ ಕಾರಣಕ್ಕೆ ಗೋವಾ ವಿಮಾನ ನಿಲ್ದಾಣದಲ್ಲಿ ವಿದೇಶಿ ಪ್ರವಾಸಿಯೊಬ್ಬರು ಪೊಲೀಸರ ಕೈಗೆ ಸಿಕ್ಕಿಬಿದ್ದರು. ಸಾಮಾನ್ಯ ಜಿಪಿಎಸ್ ವಾಚ್ ಬರೀ ಕೇಳಿಸಿಕೊಳ್ಳುವಂಥದ್ದು, ಅದು ಬೇರೆ. ಆದರೆ ಕೆಲವು ಹೊಸ ವಾಚ್‌ಗಳಲ್ಲೂ ಉಪಗ್ರಹ ಸಂದೇಶದ ಸೌಲಭ್ಯ ಬಂದಿದೆ, ನಿಮ್ಮದನ್ನು ಪರೀಕ್ಷಿಸಿಕೊಳ್ಳಿ. ಐಫೋನಿನ ಉಪಗ್ರಹ ಎಸ್‌ಒಎಸ್ ಕೂಡ ಸದ್ಯ ಇಲ್ಲಿಲ್ಲ.

ಇಲ್ಲಿ ನೆಚ್ಚಿಕೊಳ್ಳಬೇಕಾದ್ದು 112. ನಿಮ್ಮ ಸಿಮ್ಮಿನ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರವಿದ್ದರೆ ಆ ಕರೆ ಹೋಗುತ್ತದೆ. ಏರೋಪ್ಲೇನ್ ಮೋಡ್ ತೆಗೆದು, ಸಾಧ್ಯವಾದರೆ ತೆರೆದ ಏರಿಗೆ ಬಂದು ಪ್ರಯತ್ನಿಸಿ. ಸುಬ್ರಹ್ಮಣ್ಯ ಬಿಡುವ ಮೊದಲು ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಅಂತ ಮನೆಯವರಿಗೆ, ಹತ್ತುವಾಗ ದಾರಿಯಲ್ಲಿ ಸಿಗುವ ಗಿರಿಗದ್ದೆಯ ಅರಣ್ಯ ಸಿಬ್ಬಂದಿಗೂ ತಿಳಿಸಿರಿ.

ಪ್ರಶ್ನೆ (ಅವರೇ): ಖಂಡಿತ ತರಲ್ಲ ಸರ್, ಮೊದಲೇ ಕೇಳಿದ್ದು ಒಳ್ಳೇದಾಯ್ತು. ಕರೆ ಸಿಕ್ಕರೆ ಜಾಗ ಹೇಗೆ ಹೇಳೋದು? ಬರೀ ಕಾಡು ಅಂದ್ರೆ ಅವರಿಗೆ ಏನು ಗೊತ್ತಾಗುತ್ತೆ?

ಉತ್ತರ: ಆ್ಯಪ್‌ನಲ್ಲಿ ನಿಮ್ಮ ಚುಕ್ಕೆಯ ಮೇಲೆ ಒತ್ತಿದರೆ ಅಕ್ಷಾಂಶ, ರೇಖಾಂಶ ಬರುತ್ತದೆ. ಅದನ್ನು ಓದಿ ಹೇಳುವಾಗ ಎಚ್ಚರ ಬೇಕು. 12.50 ಅಂದರೆ ಹನ್ನೆರಡೂವರೆ ಡಿಗ್ರಿ, ಅಂದರೆ 12 ಡಿಗ್ರಿ 30 ನಿಮಿಷ. ಕೇಳಿದವರು 12 ಡಿಗ್ರಿ 50 ನಿಮಿಷ ಅಂತ ಬರೆದುಕೊಂಡರೆ ಹುಡುಕುವವರು ಸುಮಾರು 37 ಕಿ.ಮೀ. ಉತ್ತರಕ್ಕೆ ಹೋಗಿಬಿಡುತ್ತಾರೆ. ‘ಹನ್ನೆರಡು ಪಾಯಿಂಟ್ ಐದು ಸೊನ್ನೆ’ ಅಂತ ಒಂದೊಂದೇ ಅಂಕಿ ಹೇಳಿ, ಪಾಯಿಂಟ್ ಆದ ಮೇಲೆ ನಾಲ್ಕು ಅಂಕಿ ಓದಿ, ಅವರಿಂದ ತಿರುಗಿ ಹೇಳಿಸಿ. ಜೊತೆಗೆ ಹತ್ತಿರದ ಗುರುತನ್ನೂ ಸೇರಿಸಿ: ಭಟ್ಟರ ಮನೆ ದಾಟಿ ಎಷ್ಟು ಹೊತ್ತು ನಡೆದಿರಿ, ಶೇಷ ಪರ್ವತದ ಈಚೆಗೋ ಆಚೆಗೋ. ಮಾತು ಕಡಿದುಹೋಗುತ್ತಿದ್ದರೆ ಇಷ್ಟನ್ನೇ ಎಸ್‌ಎಂಎಸ್ ಬರೆದು ಮನೆಯವರಿಗೆ ಕಳಿಸಿ, ಮಾತಿಗೆ ಸಾಲದ ಸಿಗ್ನಲ್ಲಿನಲ್ಲೂ ಅದು ಎಷ್ಟೋ ಸಲ ತಲುಪುತ್ತದೆ. ಹೊರಡುವ ಮುನ್ನ ಮನೆಯಂಗಳದಲ್ಲೇ ತಮ್ಮನಿಗೊಮ್ಮೆ ಫೋನ್ ಮಾಡಿ ಓದಿ ಹೇಳಿ, ಅವರು ಅದನ್ನು ನಕ್ಷೆಗೆ ಹಾಕಿ ನಿಮ್ಮ ಮನೆಯೇ ಬರುತ್ತದಾ ನೋಡಲಿ.